ತಂದೆ ಕಲಿಸದ ಪಾಠ

ಪೀಟರ್ ಬ್ರೂಗೆಲನನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಆತನ ಚಿತ್ರಗಳಿಗಿಂತ ಮೊದಲು ಆತನ ಮನೆಯತ್ತ ಹರಿಯುತ್ತದೆ. ಹಿಮದ ನಡುವೆ ನಡೆಯುವ, ಜಾರುವ, ಬೀಳುವ ಮನುಷ್ಯರನ್ನು ಅಷ್ಟು ಜೀವಂತವಾಗಿ ಬರೆದ ಆ ಕಲಾವಿದ, ತನ್ನ ಮಕ್ಕಳ ಕೈಹಿಡಿದು ಗೆರೆ ತಿದ್ದಿಸುವ ಕಾಲ ಬರುವ ಮೊದಲೇ ಕಣ್ಮುಚ್ಚಿದನು.

1551ರಲ್ಲಿ ಆತ ಆಂಟ್ವರ್ಪಿನ ಚಿತ್ರಕಾರರ ಸಂಘವನ್ನು ಸೇರಿದನು. ಇಟಲಿಯನ್ನು ಸುತ್ತಿ ಬಂದ ಬಳಿಕ ಹಿಯರೋನಿಮಸ್ ಕಾಕ್ ಎಂಬ ಪ್ರಕಾಶಕನಿಗಾಗಿ ಅಚ್ಚಿನ ಚಿತ್ರಗಳ ಮೂಲಗಳನ್ನು ರಚಿಸಿಕೊಟ್ಟನು. ಪಾದಗಳಿಗೆ ಜಾರುಪಟ್ಟಿ ಕಟ್ಟಿಕೊಂಡ ಪುರಜನರು ಕೋಟೆಬಾಗಿಲ ಮುಂದಿನ ಮಂಜುಗಡ್ಡೆಯ ಮೇಲೆ ಮುಗ್ಗರಿಸಿ ಉರುಳುವ ನೋಟ ಅವುಗಳಲ್ಲೊಂದು. 1560ರ ಚಿತ್ರವೊಂದರಲ್ಲಂತೂ ಇನ್ನೂರಕ್ಕೂ ಹೆಚ್ಚು ಮಕ್ಕಳು ಆಟದಲ್ಲಿ ಮೈಮರೆತಿದ್ದಾರೆ.

1563ರಲ್ಲಿ ವಿವಾಹವಾಗಿ ಬ್ರಸೆಲ್ಸಿನಲ್ಲಿ ನೆಲೆಸಿದನು. ಮರುವರ್ಷದ ಚಳಿಗಾಲ ಅತಿ ಕಠೋರವಾಗಿತ್ತು. 1565ರಲ್ಲಿ ಮೂಡಿದ, ಇಂದು ವಿಯೆನ್ನಾದಲ್ಲಿರುವ ಬೇಟೆಗಾರರ ಚಿತ್ರವನ್ನು ಹಿಮವನ್ನೇ ಕಾಣದ ನಾನು ಅಚ್ಚಿನ ಪ್ರತಿಯಲ್ಲಷ್ಟೇ ನೋಡಿದ್ದೇನೆ. ಆದರೂ ಆ ಬೇಟೆಗಾರರ ಬಳಲಿಕೆ ನನ್ನ ಮೈಗೆ ತಾಗುತ್ತದೆ. ಅವರು ನಮಗೆ ಬೆನ್ನು ಹಾಕಿ ನಡೆದಿದ್ದಾರೆ. ಬಾಗಿದ ಹೆಗಲು, ಹಿಮದಿಂದ ಕಿತ್ತೆತ್ತುವ ಹೆಜ್ಜೆ, ತಲೆತಗ್ಗಿಸಿದ ನಾಯಿಗಳು. ದಿನದ ದುಡಿಮೆಗೆ ದಕ್ಕಿದ್ದು ಒಂದೇ ನರಿ. ಕೆಳಗೆ ಹೆಪ್ಪುಗಟ್ಟಿದ ಕೊಳದ ಮೇಲೆ ಆಡುವವರು ಬರಿಯ ಚುಕ್ಕೆಗಳಷ್ಟೇ ಕಿರಿದು. ಬೆಳ್ಳನೆಯ ನೆಲದ ಮೇಲಿನ ಕಪ್ಪು ಆಕೃತಿಗೆ ಮುಖದ ವಿವರ ಬೇಕಿಲ್ಲ. ಮೈಯ ವಾಲಿಕೆಯೇ ಅದರ ಚಲನೆಯನ್ನು ಹೇಳುತ್ತದೆ. ಮಕ್ಕಳಿಗೆ ಚಿತ್ರ ಕಲಿಸುವವರಿಗೆ ಇದಕ್ಕಿಂತ ಸರಳವಾದ ಪಾಠ ಯಾವುದಿದೆ?

1569ರಲ್ಲಿ ಬ್ರೂಗೆಲ್ ತೀರಿಕೊಂಡಾಗ ಹಿರಿಯ ಮಗ ಪೀಟರನಿಗೆ ಸುಮಾರು ಐದು ವರ್ಷ. ಕಿರಿಯವನಾದ ಯಾನ್ ಇನ್ನೂ ಹಸುಗೂಸು. 1578ರಲ್ಲಿ ತಾಯಿಯೂ ಅಗಲಿದಳು. ಅಜ್ಜಿ ಮೈಕೆನ್ ವರ್ಹುಲ್ಸ್ಟ್ ಸ್ವತಃ ಕಿರುಚಿತ್ರಗಳ ಕಲಾವಿದೆ. ಯಾನ್ ನೀರುಬಣ್ಣದ ಕೆಲಸವನ್ನು ಕಲಿತದ್ದು ಆಕೆಯಿಂದ ಎಂದು 1604ರಲ್ಲಿ ಕಲಾವಿದರ ಚರಿತ್ರೆಯನ್ನು ಪ್ರಕಟಿಸಿದ ಕಾರೆಲ್ ವಾನ್ ಮಾಂಡರ್ ದಾಖಲಿಸಿದ್ದಾನೆ.

ಹಿರಿಯ ಮಗನೂ ಚಿತ್ರಕಾರನಾದನು. ಆತನ ಕಾರ್ಯಾಗಾರದಲ್ಲಿ ರೂಪುರೇಖೆಗಳನ್ನು ಸೂಜಿಯಿಂದ ಚುಚ್ಚಿ, ಪುಡಿ ಉದುರಿಸಿ, ತಂದೆಯ ಚಿತ್ರಗಳನ್ನು ಮತ್ತೆ ಮತ್ತೆ ಬರೆಯಲಾಯಿತು. 1565ರ ಇನ್ನೊಂದು ಚಳಿಗಾಲದ ಚಿತ್ರ, ಹಕ್ಕಿಬೋನಿನದು. ಅದಕ್ಕೆ ಆ ಕಾರ್ಯಾಗಾರದವೂ ಇತರರವೂ ಸೇರಿ ನೂರಕ್ಕೂ ಮಿಕ್ಕ ಪ್ರತಿಗಳಿವೆ. ಅದು ಜೀವನೋಪಾಯವೆಂಬುದು ದಿಟ. ಆದರೆ ಅಷ್ಟೇ ಎನ್ನಲು ನನ್ನ ಮನಸ್ಸು ಒಪ್ಪದು. ತಂದೆಯ ಕೈ ಎಲ್ಲಿ ಬಾಗಿತು, ಎಲ್ಲಿ ತಡೆಯಿತು ಎಂಬುದನ್ನು ಆ ಚುಕ್ಕೆಗಳ ಜಾಡು ಹಿಡಿದೇ ಮಗ ಅರಿತಿರಬೇಕು. ಇದ್ದು ಕಲಿಸಲಾಗದ ಗುರು ಹೀಗೆ ಗೆರೆಗಳಲ್ಲಿ ಉಳಿದನು.