ಜೂಡೋ ಮೇಷ್ಟ್ರು ಜಿಗೊರೋ ಕಾನೋ

ಈ ಸಲದ ಗೋಡೆ ಪತ್ರಿಕೆಗೆ ನಾನು ಜಪಾನ್ ದೇಶದ ಜಿಗೊರೋ ಕಾನೋ ಅವರ ಜೀವನ ಬರೆದಿದ್ದೇನೆ. ಇವರನ್ನೇ ಯಾಕೆ ಆರಿಸಿಕೊಂಡೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಕಾನೋ ಅವರು 1860ರಲ್ಲಿ ಕೋಬೆ ಹತ್ತಿರದ ಮಿಕಾಗೆ ಎಂಬ ಊರಿನಲ್ಲಿ ಹುಟ್ಟಿದರು. ಸಣ್ಣವರಿದ್ದಾಗಲೇ ತಾಯಿ ತೀರಿಕೊಂಡರು. ಆಮೇಲೆ ತಂದೆ ಟೋಕಿಯೋಗೆ ಕರೆದುಕೊಂಡು ಹೋಗಿ ಓದಿಸಿದರು. ಕಾನೋ ಓದಿನಲ್ಲಿ ಬಹಳ ಚುರುಕು. ಆದರೆ ಆಳು ಕುಳ್ಳಗೆ, ತೆಳ್ಳಗೆ. ಶಾಲೆಯಲ್ಲಿ ದೊಡ್ಡ ಹುಡುಗರು ಹಿಡಿದು ಕಾಡುತ್ತಿದ್ದರು. ಜುಜುತ್ಸು ಕಲಿತರೆ ಬಲ ಕಡಿಮೆ ಇದ್ದವರೂ ಬಲಶಾಲಿಯನ್ನು ಕೆಡವಬಹುದು ಅಂತ ಅವರಿಗೆ ಗೊತ್ತಾಯಿತು.

ಆದರೆ ಕಲಿಸುವವರು ಸಿಗಬೇಕಲ್ಲ! ಆ ಕಾಲಕ್ಕೆ ಜಪಾನಿನಲ್ಲಿ ಹಳೇ ವಿದ್ಯೆಗಳನ್ನು ಕೇಳುವವರೇ ಇರಲಿಲ್ಲ. ಮೂಳೆ ಕೂರಿಸುವವರಿಗೆ ಜುಜುತ್ಸು ಬರುತ್ತದೆ ಅಂತ ಕೇಳಿ ಅಂಥವರನ್ನು ಹುಡುಕಿಕೊಂಡು ಅಲೆದರು. 1877ರಲ್ಲಿ ಫುಕುದಾ ಎಂಬ ಗುರು ಸಿಕ್ಕರು. ಪಟ್ಟು ಹೇಗೆ ಹಾಕೋದು ಅಂತ ಕೇಳಿದರೆ ಗುರುಗಳು ಬಾಯಲ್ಲಿ ಹೇಳುತ್ತಿರಲಿಲ್ಲ, ಮತ್ತೆ ಮತ್ತೆ ಎತ್ತಿ ಹಾಕುತ್ತಿದ್ದರು. ಮೈಕೈ ನೋವಾದರೂ ಕಾನೋ ಬಿಡಲಿಲ್ಲ.

1882ರಲ್ಲಿ ಟೋಕಿಯೋದ ಒಂದು ಬೌದ್ಧ ದೇವಾಲಯದಲ್ಲಿ 12 ಚಾಪೆ ಹಾಸುವಷ್ಟು ಜಾಗದಲ್ಲಿ ಕೊಡೋಕಾನ್ ಎಂಬ ಶಾಲೆ ತೆರೆದರು. ಆಗ ಅವರಿಗೆ 21 ವರ್ಷ ಅಷ್ಟೇ. ಅಪಾಯದ ಹೊಡೆತಗಳನ್ನು ಕುಸ್ತಿಯಾಟದಿಂದ ಹೊರಗಿಟ್ಟು, ತಮ್ಮ ವಿದ್ಯೆಗೆ ಜೂಡೋ ಅಂತ ಹೆಸರಿಟ್ಟರು. ಹಾಗಂದರೆ ಮೃದುವಾದ ದಾರಿ.

ಜೂಡೋದಲ್ಲಿ ಹಡಾಕಾ ಜಿಮೆ ಅಂತ ಒಂದು ಪಟ್ಟಿದೆ. ಹಿಂದಿನಿಂದ ಬಂದು ಎದುರಾಳಿಯ ಕುತ್ತಿಗೆಗೆ ತೋಳು ಸುತ್ತಿ ಬಿಗಿಯುವುದು. ಬಟ್ಟೆ ಹಿಡಿಯುವಂತಿಲ್ಲ, ಬರೀ ಕೈ. ಕುತ್ತಿಗೆಯ ಎರಡು ಪಕ್ಕದಲ್ಲಿ ಮೆದುಳಿಗೆ ರಕ್ತ ಹೋಗುವ ನಾಳಗಳಿವೆ. ಅವು ಅದುಮಿದರೆ ಕೆಲವೇ ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ಬಿಡದಿದ್ದರೆ ಜೀವಕ್ಕೇ ಅಪಾಯ. ಅದಕ್ಕೇ ಸಿಕ್ಕಿಬಿದ್ದವನು ಕೈಯಿಂದ ಎರಡು ಸಲ ತಟ್ಟಿದರೆ ಸೋತೆ ಅಂತ ಅರ್ಥ. ಹಿಡಿದವನು ಆ ಕ್ಷಣವೇ ಬಿಡಬೇಕು. ಜಪಾನಿನ ಪ್ರಾಥಮಿಕ ಶಾಲೆ ಮಕ್ಕಳ ಪಂದ್ಯಗಳಲ್ಲಿ ಇಂಥ ಪಟ್ಟುಗಳಿಗೆ ಅನುಮತಿಯೇ ಇಲ್ಲ.

ಕಾನೋ ಅವರ ಶಿಷ್ಯರಲ್ಲಿ ಮಾಯೆದಾ ಎಂಬುವರು 1914ರಲ್ಲಿ ಬ್ರೆಜಿಲ್ ದೇಶಕ್ಕೆ ಹೋದರು. ಬ್ರೆಜಿಲಿನ ಜಿಯು ಜಿತ್ಸು ಬೆಳೆದದ್ದು ಹಾಗೆ. ಕಾನೋ ಬರೀ ಪೈಲ್ವಾನರಲ್ಲ, ಮೇಷ್ಟ್ರುಗಳಿಗೇ ತರಬೇತಿ ಕೊಡುವ ಶಾಲೆಯ ಮುಖ್ಯಸ್ಥರೂ ಆಗಿದ್ದರು. 1909ರಲ್ಲಿ ಒಲಿಂಪಿಕ್ ಸಮಿತಿಗೆ ಸೇರಿದ ಏಷ್ಯಾದ ಮೊದಲ ಸದಸ್ಯರು ಅವರೇ. 1938ರ ಮೇ 4ರಂದು ಊರಿಗೆ ವಾಪಸ್ ಬರುವಾಗ ಹಡಗಿನಲ್ಲೇ ತೀರಿಕೊಂಡರು. 1964ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಜೂಡೋ ಸೇರಿತು. ನೋಡಲು ಅವರಿರಲಿಲ್ಲ.

ಈಗ ಕಾರಣ ಹೇಳುತ್ತೇನೆ. ಹೋದ ತಿಂಗಳು ಆಟದ ಪೀರಿಯಡ್ಡಿನಲ್ಲಿ ನಾನು ತಮಾಷೆಗೆ ಹಿಂದಿನಿಂದ ಹೋಗಿ ಗೆಳೆಯನ ಕುತ್ತಿಗೆ ಹಿಡಿದೆ. ಅವನು ನನ್ನ ಕೈ ತಟ್ಟಿದ. ನಾನು ನಗುತ್ತಾ ಇನ್ನೂ ಬಿಗಿ ಮಾಡಿದೆ. ಅವನು ಹಂಗೇ ಕುಸಿದು ಬಿದ್ದ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟ. ಅಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಮೇಷ್ಟ್ರು ಹೊಡೆಯಲಿಲ್ಲ, ಕಾನೋ ಅವರ ಬಗ್ಗೆ ಓದಿ ಬರೆಯಲು ಹೇಳಿದರು. ಕಾನೋ ಪೆಟ್ಟು ತಿಂದ ಹುಡುಗ. ಆದರೂ ಬಿಡುವುದನ್ನೂ ಕಲಿಸಿದರು. ನಾನು ಬಿಡಲಿಲ್ಲ.

ಗೆಳೆಯ ಈಗಲೂ ನನ್ನ ಪಕ್ಕದಲ್ಲೇ ಕೂರುತ್ತಾನೆ. ದಯವಿಟ್ಟು ಯಾರೂ ತಮಾಷೆಗೂ ಕುತ್ತಿಗೆ ಹಿಡಿಯಬೇಡಿ.