ಮಕ್ಕಳ ತೋಟದ ಮಹಾನುಭಾವ ಫ್ರೋಬೆಲ್

ಮನೆಯ ಮಗುವಿಗೆ ಮೂರು ವರ್ಷ ತುಂಬುತ್ತಲೇ ನಾವೆಲ್ಲರೂ ಕೆ.ಜಿ. ಪ್ರವೇಶದ ಚಿಂತೆಗೆ ಬೀಳುತ್ತೇವೆ. ಈ ಎರಡಕ್ಷರದ ಹಿಂದಿರುವ ಕಿಂಡರ್‌ಗಾರ್ಟನ್ ಎಂಬ ಜರ್ಮನ್ ಪದಕ್ಕೆ ಮಕ್ಕಳ ತೋಟ ಎಂದರ್ಥ. ಆ ಹೆಸರನ್ನಿತ್ತ ಫ್ರೀಡ್ರಿಶ್ ಫ್ರೋಬೆಲ್ ಅವರ ಪಾಲಿಗೆ ತೋಟವೆಂಬುದು ಬರಿಯ ಉಪಮೆಯಾಗಿರಲಿಲ್ಲ.

1782ರ ಏಪ್ರಿಲ್ 21ರಂದು ಜರ್ಮನಿಯ ತುರಿಂಗಿಯಾ ಪ್ರದೇಶದ ಓಬರ್‌ವೈಸ್‌ಬಾಖ್ ಗ್ರಾಮದಲ್ಲಿ ಜನಿಸಿದ ಅವರು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡರು. ಪಾದ್ರಿಯಾಗಿದ್ದ ತಂದೆಗೆ ಬಿಡುವಿರಲಿಲ್ಲ. ಸ್ವಂತ ಮಗುವಾದ ಮೇಲೆ ಮಲತಾಯಿಯ ಅಕ್ಕರೆಯೂ ಬತ್ತಿತು. ಒಂಟಿ ಬಾಲಕನಿಗೆ ಮನೆಯ ತೋಟದ ಗಿಡಗಳೇ ಒಡನಾಡಿಗಳಾದವು. ಹದಿನೈದನೆಯ ವಯಸ್ಸಿನಲ್ಲಿ ಅರಣ್ಯ ಪಾಲಕರೊಬ್ಬರ ಬಳಿ ಎರಡು ವರ್ಷ ಕೆಲಸ ಕಲಿಯಲು ಸೇರಿದರು.

1805ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಶಿಕ್ಷಕರಾದರು. 1808ರಿಂದ ಎರಡು ವರ್ಷ ಸ್ವಿಟ್ಜರ್ಲೆಂಡಿನಲ್ಲಿ ಪೆಸ್ಟಲೋಜಿಯವರ ಶಾಲೆಯನ್ನು ಹತ್ತಿರದಿಂದ ಕಂಡರು. ಬಳಿಕ ಬರ್ಲಿನ್‌ನಲ್ಲಿ ಖನಿಜಶಾಸ್ತ್ರವನ್ನು ಅಭ್ಯಸಿಸಿದರು. 1817ರಲ್ಲಿ ಅವರ ಶಾಲೆ ಕೈಲ್‌ಹೌ ಗ್ರಾಮದಲ್ಲಿ ನೆಲೆಗೊಂಡಿತು. ಅಲ್ಲಿನ ಮಕ್ಕಳು ಗುಡ್ಡ ಹತ್ತಿದರು, ಕಾಡು ಸುತ್ತಿದರು, ಮಣ್ಣಿನಲ್ಲಿ ದುಡಿದರು.

ಐವತ್ತೈದರ ಪ್ರಾಯದಲ್ಲಿ, 1837ರಲ್ಲಿ, ಅವರು ಬ್ಲಾಂಕೆನ್‌ಬುರ್ಗ್‌ನಲ್ಲಿ ಎಳೆಯ ಮಕ್ಕಳಿಗಾಗಿಯೇ ಸಂಸ್ಥೆಯೊಂದನ್ನು ತೆರೆದರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರು ಬಂದಿತು. ನೂಲಿನ ಚೆಂಡು, ಮರದ ಗೋಲ, ಘನಗಳು ಒಳಗಿನ ಆಟಕ್ಕಾದರೆ, ಹೊರಗೆ ಪ್ರತಿ ಮಗುವಿಗೂ ತನ್ನದೇ ಆದ ಪುಟ್ಟ ಪಾತಿ. ಅದರಲ್ಲಿ ತನಗೆ ಬೇಕಾದುದನ್ನು ಬಿತ್ತುವ ಸ್ವಾತಂತ್ರ್ಯ. ಅದರೊಡನೆ ಎಲ್ಲರೂ ಕೂಡಿ ನೋಡಿಕೊಳ್ಳುವ ಹೂವು, ತರಕಾರಿಗಳ ಪಾತಿಗಳೂ ಇರಬೇಕೆಂಬುದು ಅವರ ಯೋಜನೆ. ತನ್ನ ಪಾತಿಯಲ್ಲಿ ಸ್ವಂತ ಹೊಣೆ, ಸಾಮಾನ್ಯ ಪಾತಿಯಲ್ಲಿ ಸಮಾಜದ ಹೊಣೆ. ಎರಡನ್ನೂ ಮಗು ಆಡುತ್ತಲೇ ಕಲಿಯುತ್ತಿತ್ತು.

1851ರ ಆಗಸ್ಟ್‌ನಲ್ಲಿ ಪ್ರಷ್ಯಾ ಸರಕಾರವು ಕಿಂಡರ್‌ಗಾರ್ಟನ್‌ಗಳು ನಾಸ್ತಿಕತೆಯನ್ನು ಬಿತ್ತುತ್ತವೆಂದು ಆರೋಪಿಸಿ ಅವುಗಳನ್ನು ನಿಷೇಧಿಸಿತು. ಅಣ್ಣನ ಮಗ ಕಾರ್ಲ್ ಫ್ರೋಬೆಲ್ ಅವರ ವಿಚಾರಗಳನ್ನು ಇವರದೆಂದು ಎಣಿಸಿದ್ದೂ ಇದಕ್ಕೆ ಕಾರಣವಾಗಿತ್ತು. ಮನವಿಗಳು ಫಲಿಸಲಿಲ್ಲ. ಆ ನೋವಿನಲ್ಲಿಯೇ 1852ರ ಜೂನ್ 21ರಂದು ಫ್ರೋಬೆಲ್ ಕಣ್ಮುಚ್ಚಿದರು. ನಿಷೇಧ ತೆರವಾದದ್ದು 1860ರಲ್ಲಿ. ಅಷ್ಟರಲ್ಲಿ ಅವರ ಶಿಷ್ಯೆಯರು ಆ ಬೀಜವನ್ನು ಪರದೇಶಗಳಿಗೂ ಒಯ್ದಿದ್ದರು.

ಇಂದು ಆ ಹೆಸರು ಲೋಕವನ್ನೆಲ್ಲ ಸುತ್ತಿದೆ. ತೋಟ ಮಾತ್ರ ಅನೇಕ ಕಡೆ ಹಿಂದೆಯೇ ಉಳಿದಿದೆ. ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವ ನಮಗೆ ಹಿತ್ತಿಲಿಲ್ಲ, ನಿಜ. ಆದರೆ ವಾರಕ್ಕೊಮ್ಮೆ ಉದ್ಯಾನದ ಮಣ್ಣಿನಲ್ಲಿ ಮಗುವನ್ನು ಆಡಲು ಬಿಡುವುದು, ಬಾಲ್ಕನಿಯ ಒಂದು ಕುಂಡವನ್ನು ಅದರ ಹೆಸರಿಗೆ ಬಿಟ್ಟುಕೊಟ್ಟು ನಾಲ್ಕು ಮೆಂತ್ಯದ ಕಾಳು ಬಿತ್ತಿಸುವುದು ನಮ್ಮ ಕೈಯಲ್ಲಿಯೇ ಇದೆ. ಬಟ್ಟೆ ಕೊಳೆಯಾದೀತೆಂದು ಮಗುವನ್ನು ಮಣ್ಣಿನಿಂದ ದೂರವಿಟ್ಟರೆ, ಕಿಂಡರ್‌ಗಾರ್ಟನ್‌ನ ಅರ್ಧಭಾಗವನ್ನೇ ಅದರಿಂದ ಕಸಿದುಕೊಂಡಂತೆ ಎಂಬುದು ನಮ್ಮ ನಮ್ರ ಅಭಿಪ್ರಾಯ.