ಆಟವೂ ಪಂಕ್ತಿಯೂ

ತಂಡದ ಒಗ್ಗಟ್ಟಿನ ಮಾತು ಬಂದಾಗಲೆಲ್ಲ ನನ್ನ ಮನಸ್ಸು ಪಾಲವಣಕರ ಬಾಳೂ ಅವರ ಕಡೆಗೆ ಹೊರಳುತ್ತದೆ. ಹನ್ನೊಂದು ಜನ ಒಂದೇ ಬಗೆಯ ಉಡುಪು ತೊಟ್ಟು ಮೈದಾನಕ್ಕಿಳಿದ ಮಾತ್ರಕ್ಕೆ ತಂಡವಾಗುವುದಿಲ್ಲ ಎಂಬುದನ್ನು ಇವರ ಜೀವನದಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಇನ್ನೊಂದು ಚರಿತ್ರೆಯನ್ನು ನಾನರಿಯೆ.

ಬಾಳೂ ಹುಟ್ಟಿದ್ದು 1870ರ ದಶಕದಲ್ಲಿ, ನಮ್ಮ ಧಾರವಾಡದಲ್ಲಿ. ಚರ್ಮಕಾರ ಮನೆತನ. ಬೆಳೆದದ್ದು ಪುಣೆಯಲ್ಲಿ. ಅಲ್ಲಿ ಪಾರ್ಸಿಗಳ ಕ್ರಿಕೆಟ್ ಮೈದಾನವನ್ನು ಗುಡಿಸಿ, ರೋಲರ್ ಎಳೆಯುವ ಕೆಲಸಕ್ಕೆ ತಿಂಗಳಿಗೆ ಮೂರು ರೂಪಾಯಿ ಸಂಬಳ. ಮುಂದೆ ಯುರೋಪಿಯನ್ನರ ಕ್ಲಬ್ಬಿಗೆ ಸೇರಿ, ಅಭ್ಯಾಸ ಮಾಡುವ ದೊರೆಗಳಿಗೆ ಗಂಟೆಗಟ್ಟಲೆ ಚೆಂಡೆಸೆದರು. ಎಡಗೈಯ ಆ ಎಸೆತ ಪಳಗಿದ್ದು ಅಲ್ಲಿಯೇ. ಆದರೆ ದಾಂಡು ಹಿಡಿಯುವ ಅವಕಾಶ ಅವರಿಗೆ ಅಲ್ಲಿ ದೊರೆಯಲಿಲ್ಲ.

ಅವರ ಕೀರ್ತಿಯನ್ನು ಕೇಳಿ ಪುಣೆಯ ಹಿಂದೂ ತಂಡದವರು ಅವರನ್ನು ಆಟಕ್ಕೆ ಕರೆದುಕೊಂಡರು. ಆದರೆ ಕರೆದದ್ದು ಆಟಕ್ಕೆ ಮಾತ್ರ. ವಿರಾಮದ ಹೊತ್ತಿನಲ್ಲಿ ಉಳಿದವರು ಪೆವಿಲಿಯನ್ನಿನ ಒಳಗೆ ಚಹ ಕುಡಿದರೆ, ಬಾಳೂ ಅವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹ. ಊಟಕ್ಕೂ ಬೇರೆಯೇ ಎಡೆ. ಅವರು ಎಸೆದ ಚೆಂಡನ್ನು ಮುಟ್ಟಬಹುದು. ಅವರು ಮುಟ್ಟಿದ ಬಟ್ಟಲನ್ನು ಮುಟ್ಟಲಾಗದು! ಬಾಳೂ ಸಾತಾರೆಯಲ್ಲಿ ತಂಡವನ್ನು ಗೆಲ್ಲಿಸಿದ ಮೇಲೆ ನ್ಯಾಯಮೂರ್ತಿ ರಾನಡೆಯವರು ಈ ವಿಪರ್ಯಾಸವನ್ನು ಬಹಿರಂಗವಾಗಿಯೇ ಎತ್ತಿದರು. ಕೂಡಿ ಆಡಬಲ್ಲವರು ಕೂಡಿ ಉಣ್ಣಲೇಕಾರರು ಎಂಬುದು ಅವರ ವಾದದ ಸಾರ.

ಬಾಳೂ ಮುಂಬಯಿಗೆ ಬಂದ ಬಳಿಕ ಈ ಗೋಡೆ ಮೆಲ್ಲಮೆಲ್ಲನೆ ಕುಸಿಯಿತು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿತು. ಆ ವೇಳೆಗೆ ಜೊತೆಯ ಆಟಗಾರರು ಬಾಳೂ ಅವರೊಡನೆ ಕುಳಿತು ಉಣ್ಣತೊಡಗಿದ್ದರು. ತಮ್ಮ ಶಿವರಾಮನೂ ತಂಡದಲ್ಲಿದ್ದ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತೀಯ ತಂಡದ ಪರವಾಗಿ ಬಾಳೂ ನೂರಕ್ಕೂ ಮಿಕ್ಕಿ ವಿಕೆಟ್ಟುಗಳನ್ನು ಉರುಳಿಸಿದರು.

ಆದರೂ ನಾಯಕತ್ವದ ಪ್ರಶ್ನೆ ಬಂದಾಗ ಜಾತಿ ಮತ್ತೆ ತಲೆಯೆತ್ತುತ್ತಿತ್ತು. ನಾಯಕರಾಗಿದ್ದ ಎಂ. ಡಿ. ಪೈ ಅವರು 1913ರಲ್ಲಿಯೇ, ತಮ್ಮನ್ನು ಸನ್ಮಾನಿಸಿದ ಸಭೆಯಲ್ಲಿ, ಈ ಗೌರವ ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಿತ್ತೆಂದು ಸಂಕೋಚವಿಲ್ಲದೆ ಹೇಳಿಬಿಟ್ಟರು. ಅದು ಬರಿಯ ಸೌಜನ್ಯದ ಮಾತಾಗಿರಲಿಲ್ಲ. 1920ರಲ್ಲಿ ಬಾಳೂ ಅವರನ್ನು ತಂಡದಿಂದ ಕೈಬಿಟ್ಟು, ಪೈ ಅವರು ಆಡದಿದ್ದಾಗ ನಾಯಕತ್ವವನ್ನು ಕಿರಿಯರೊಬ್ಬರಿಗೆ ವಹಿಸಲಾಯಿತು. ತಮ್ಮಂದಿರಾದ ವಿಠ್ಠಲ ಮತ್ತು ಶಿವರಾಮ ಪ್ರತಿಭಟಿಸಿ ಆಟದಿಂದ ಹಿಂದೆ ಸರಿದರು. ಮುಂದಿನ ಪಂದ್ಯಕ್ಕೆ ಬಾಳೂ ಉಪನಾಯಕರಾಗಿ ಬಂದರು; ತಮ್ಮಂದಿರೂ ಮರಳಿದರು. ಆ ಪಂದ್ಯದ ನಡುವೆ ಪೈ ಅವರು ತಾವಾಗಿ ಮೈದಾನದಿಂದ ಹೊರನಡೆದರು. ಅಷ್ಟು ಹೊತ್ತು ತಂಡವನ್ನು ನಡೆಸಿದವರು ಬಾಳೂ.

ಆ ಕೆಲವು ಗಳಿಗೆಗಳನ್ನು ನೆನೆದಾಗ ನನಗೆ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ. ಪೂರ್ಣ ನಾಯಕತ್ವ ಬಾಳೂ ಅವರಿಗೆ ಎಂದೂ ದಕ್ಕಲಿಲ್ಲ. ಅದು ದಕ್ಕಿದ್ದು ತಮ್ಮ ವಿಠ್ಠಲನಿಗೆ, 1923ರಲ್ಲಿ. ಆ ವರ್ಷ ಹಿಂದೂಗಳು ಗೆದ್ದಾಗ ಅಭಿಮಾನಿಗಳು ವಿಠ್ಠಲನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಬಾಳೂ 1955ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ತಂಡಕ್ಕಾಗಿ ತನ್ನನ್ನು ಮರೆಯಬೇಕೆಂದು ನಾವು ಎಳೆಯರಿಗೆ ಬೋಧಿಸುತ್ತೇವೆ. ಮಣ್ಣಿನ ಕುಡಿಕೆ ಕೊಟ್ಟವರ ಗೆಲುವಿಗಾಗಿಯೂ ಬಾಳೂ ಬೆವರು ಸುರಿಸಿದರು. ಆದರೆ ತ್ಯಾಗ ಒಬ್ಬನ ಪಾಲಿನ ತೆರಿಗೆಯಾಗಿ ಉಳಿದಷ್ಟು ಕಾಲ ಅಲ್ಲಿ ತಂಡವಿರುವುದಿಲ್ಲ. ಅದನ್ನು ಇನ್ನೊಬ್ಬನು ಅರಿತು, ತನ್ನ ಜಾಗವನ್ನು ತಾನೇ ತೆರವು ಮಾಡಿ ಹೊರನಡೆದ ಗಳಿಗೆಯಲ್ಲಿ ತಂಡ ಹುಟ್ಟುತ್ತದೆ.